ಅಮ್ಮನ ಮಡಿ ಮತ್ತು ನಾನು ಮುಚ್ಚಿಟ್ಟ ಕಾಗದ

ಅಮ್ಮನ ಕೈಗಳನ್ನು ನೆನೆಸಿಕೊಂಡರೆ ಇವತ್ತಿಗೂ ನನಗೆ ಊಟ ಸೇರುವುದಿಲ್ಲ. ಬೆರಳಸಂದಿ ಬೆಳ್ಳಗೆ ಕೊಳೆತು, ಉಗುರಿನ ಬುಡದಲ್ಲಿ ಕೀವು ಕಟ್ಟಿ, ಬೂದಿಯ ವಾಸನೆ ಹೊಡೆಯುತ್ತಿದ್ದವು. ಅವಳು ಅನ್ನ ಬಡಿಸುವಾಗ ಮುಖ ತಿರುಗಿಸುತ್ತಿದ್ದೆ. ಹಾಗೆ ತಿರುಗಿಸಿದ ಮುಖ ಈಗ ಅದಕ್ಕಿಂತ ಹೆಚ್ಚು ಹೇಸಿಗೆ ತರುತ್ತದೆ.

ನಮ್ಮದು ಬೇಲೂರಿನಲ್ಲಿ ಪೂಜೆಯ ಕೆಲಸದ ಮನೆತನ. ಅಪ್ಪ ತೀರಿಕೊಂಡ ವರ್ಷದಿಂದ ಅಮ್ಮನ ಈ ತೊಳೆಯುವ ಕೆಲಸ ಶುರುವಾಯಿತು. ಬಾವಿಯ ಹಗ್ಗ, ಹೊಸಿಲು, ಸೌದೆ. ಅಕ್ಕಿಯಂತೂ ಹನ್ನೊಂದು ಸಲ. ಎಣಿಕೆ ತಪ್ಪಿದರೆ ಅಳುತ್ತಾ ಮತ್ತೆ ಮೊದಲಿನಿಂದ. ಬೀದಿಯವರೆಲ್ಲ ಇದನ್ನು ಮಡಿ ಎಂದರು. ವಿಧವೆ ಇಷ್ಟು ಮಡಿಯಲ್ಲಿದ್ದರೆ ಮನೆಗೆ ಶ್ರೇಯಸ್ಸು ಎಂದು ಕೈಮುಗಿದರು. ಪಕ್ಕದ ಮನೆಯ ಮಾಮ ಮಾತ್ರ, "ಹಗ್ಗಕ್ಕೆ ದಿನಾ ಸ್ನಾನ ಆಗ್ತಿದೆ ಕಣೋ, ನಿನಗೆ ಯಾವಾಗಲೋ?" ಎಂದು ನಗುತ್ತಿದ್ದರು. ನಾನೂ ನಗುತ್ತಿದ್ದೆ.

ನಾನು ಹೈಸ್ಕೂಲು ಮುಗಿಸಿ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ತಂಗಿ ಚುರುಕು; ಮೈಸೂರಿಗೆ ಹೋಗಿ ಮನಶ್ಶಾಸ್ತ್ರದಲ್ಲಿ ಎಂ.ಎ. ಮಾಡಿದಳು. ಅರವತ್ತರ ದಶಕದ ಮೊದಲ ವರ್ಷಗಳವು. ಊರಿಗೆ ಬಂದರೆ ಬಾವಿಕಟ್ಟೆಯ ಮೇಲೆ ಅಮ್ಮನ ಪಕ್ಕ ಕೂತು, ಗದರದೆ, "ಇದೊಂದು ಚೊಂಬು ಹಾಗೇ ಬಿಟ್ಟರೆ ಏನಾಗುತ್ತೆ ಅಂತ ಭಯ ಅಮ್ಮಾ?" ಎಂದು ಕೇಳುತ್ತಿದ್ದಳು. ಒಂದು ದಿನ ಅಮ್ಮ ಬಾಯಿ ಬಿಟ್ಟಳು. "ನಿಮ್ಮಪ್ಪಂಗೆ ಮೈಲಿಗೆ ಕೈಲಿ ನೀರು ಕೊಟ್ಟೆ ಕಣೇ. ಅದಕ್ಕೇ ಹೋದರು." ಅಪ್ಪ ಹೋದ ಮೇಲೆ ಆರು ವರ್ಷ ಒಂದೇ ಸೂರಿನಡಿ ಇದ್ದರೂ ನನಗೆ ಆ ಮಾತು ಗೊತ್ತಿರಲಿಲ್ಲ. ನಾನು ಕೇಳಿರಲೇ ಇಲ್ಲ.

"ಅಣ್ಣ, ಇದು ಮಡಿ ಅಲ್ಲ, ಕಾಯಿಲೆ," ಎಂದಳು ತಂಗಿ. ಬೆಂಗಳೂರಿನ ಒಂದು ಮಾನಸಿಕ ಆಸ್ಪತ್ರೆಯಲ್ಲಿ ಅವಳು ಓದಿದ ವಿಷಯದಲ್ಲೇ ತರಬೇತಿ ಇತ್ತು. ಅರ್ಜಿ ಹಾಕಿದ್ದಳು. "ಸಿಕ್ಕಿದರೆ ಅಮ್ಮನನ್ನೂ ಕರ್ಕೊಂಡು ಹೋಗ್ತೀನಿ. ಮನೆಯವರನ್ನೂ ಕೂರಿಸ್ಕೊಂಡು ಮಾತಾಡ್ತಾರಂತೆ. ನೀನೂ ಬರಬೇಕಾಗುತ್ತೆ."

"ಹುಚ್ಚಾಸ್ಪತ್ರೆಗೆ? ನಾನಾ?" ಎಂದೆ.

ಅದೇ ತಿಂಗಳು ಅರಸೀಕೆರೆಯಿಂದ ಹೆಣ್ಣಿನ ಕಡೆಯವರು ನಮ್ಮ ಮನೆ ನೋಡಲು ಬಂದರು. ಹಿತ್ತಲಲ್ಲಿ ಅಮ್ಮ ಸೌದೆ ತೊಳೆಯುತ್ತಿದ್ದಳು. ಹುಡುಗಿಯ ತಂದೆ ಅದನ್ನು ಕಂಡು ನಿಂತುಬಿಟ್ಟರು.

"ಅಮ್ಮಂದು ಸ್ವಲ್ಪ ಮಡಿ ಜಾಸ್ತಿ," ಎಂದೆ.

"ಈ ಕಾಲದಲ್ಲೂ ಸೌದೆ ತೊಳೆಯೋರು ಇದಾರಲ್ಲ ರೀ. ನಮ್ಮ ಮಗು ಪುಣ್ಯ ಮಾಡಿತ್ತು," ಎಂದು ಅವರು ದೂರದಿಂದಲೇ ಅಡ್ಡಬಿದ್ದರು. ಸಂಬಂಧ ಕುದುರಿತು.

ಮುಂದಿನ ವಾರ ತಂಗಿಗೆ ಸಂದರ್ಶನದ ಕಾಗದ ಬಂತು. ಟಪಾಲು ಬೇಗ ಸಿಗಲಿ ಎಂದು ಅವಳೇ ನನ್ನ ಕಚೇರಿಯ ವಿಳಾಸ ಕೊಟ್ಟಿದ್ದಳು. ಅವಳು ಹೋದರೆ ಅಮ್ಮನೂ ಹೋಗುತ್ತಾಳೆ, ಅಮ್ಮ ಹೋದರೆ ಅರಸೀಕೆರೆಗೆ ಸುದ್ದಿ ಮುಟ್ಟುತ್ತದೆ. ಇಷ್ಟೇ ನನ್ನ ಯೋಚನೆ. ಹಳೆಯ ಪಹಣಿಗಳ ಕಟ್ಟಿನೊಳಗೆ ಕಾಗದವನ್ನು ತೂರಿಸಿ ದಾರ ಬಿಗಿದೆ. ದಿನಾ ಸಂಜೆ ತಂಗಿ, "ಟಪಾಲು ಬಂತಾ ಅಣ್ಣ?" ಎನ್ನುವಳು. "ಇಲ್ಲಮ್ಮ," ಎನ್ನುವೆ. ಹಾಗೆನ್ನಲು ನನಗೆ ಚೂರೂ ಕಷ್ಟವಾಗಲಿಲ್ಲ.

ನನ್ನ ಮದುವೆಯಾಯಿತು. ತಂಗಿ ಹಳೇಬೀಡಿನ ಶಾಲೆಯಲ್ಲಿ ಉಪಾಧ್ಯಾಯಿನಿಯಾಗಿ, ಬಸ್ಸಿನಲ್ಲಿ ಓಡಾಡುತ್ತಾ ಅಮ್ಮನನ್ನು ನೋಡಿಕೊಂಡಳು. ಮೂರನೆಯ ಚಳಿಗಾಲಕ್ಕೆ ಕೈಯ ನಂಜು ಅಮ್ಮನ ಮೈಗೇರಿತು. ಜ್ವರದಲ್ಲೂ ಅಂಗೈ ಉಜ್ಜುತ್ತಲೇ ತೀರಿಕೊಂಡಳು. ಹದಿಮೂರನೆಯ ದಿನ ಊಟಕ್ಕೆ ಕೂತವರು, "ಮಡಿಯಲ್ಲೇ ಹೋದರು, ಪುಣ್ಯವಂತೆ," ಎಂದರು. ನಾನು ತಲೆಯಾಡಿಸಿ ಅವರಿಗೆ ಇನ್ನೊಂದು ಸೌಟು ಪಾಯಸ ಬಡಿಸಿದೆ.

ಕಾಗದ ಮುಚ್ಚಿಟ್ಟದ್ದನ್ನು ತಂಗಿಯ ಮುಂದೆ ಒಪ್ಪಿಕೊಂಡದ್ದು ಹೋದ ವರ್ಷ. ಅವರೆಕಾಯಿ ಸುಲಿಯುತ್ತಿದ್ದವಳು ನಿಲ್ಲಿಸಲಿಲ್ಲ.

"ಗೊತ್ತಿತ್ತು," ಎಂದಳು. "ಆಸ್ಪತ್ರೆಗೆ ನಾನೇ ಬರೆದು ಕೇಳಿದ್ದೆ. ಕಾಗದ ಕಳಿಸಿದ್ವಿ, ನೀವೇ ಬರಲಿಲ್ಲ, ಮುಂದಿನ ವರ್ಷ ಬನ್ನಿ ಅಂದರು. ಅಷ್ಟು ಹೊತ್ತಿಗೆ ಅಮ್ಮ ಹೊಸಿಲು ದಾಟ್ತಿರಲಿಲ್ಲ. ಬಸ್ಸು ಮೈಲಿಗೆ ಅಂತಿದ್ದಳು. ಬಿಟ್ಟು ಹೇಗೆ ಹೋಗಲಿ?"

"ಯಾರಿಗೂ ಹೇಳಲಿಲ್ವಾ?"

"ಯಾರಿಗೆ ಹೇಳಲಿ? ಅತ್ತಿಗೆಗಾ?"

ಆಗ ಮೊದಲು ನನ್ನ ಮನಸ್ಸಿಗೆ ಬಂದದ್ದು, ಸದ್ಯ, ಹೆಂಡತಿಯ ಮನೆಯವರಿಗೆ ತಿಳಿಯಲಿಲ್ಲವಲ್ಲ ಎಂಬ ಸಮಾಧಾನ. ಈ ವಯಸ್ಸಿನಲ್ಲೂ. ತಂಗಿ ಅದನ್ನು ನನ್ನ ಮುಖದ ಮೇಲೇ ಓದಿದಳೆಂದು ಕಾಣುತ್ತದೆ. ಮೊರ ಎತ್ತಿಕೊಂಡು ಒಳಗೆ ಹೋದಳು.