ತಿರುವಿನ ರಸ್ತೆಗೆ ಕ್ರೂಸ್ ಕಂಟ್ರೋಲ್ ಹಾಕಿದವರು

ವೈರಿಂಗ್ ಮೇಷ್ಟ್ರ ಮೇಲಿನ ಸಾಲಿನ ಎರಡು ಮುಂಬಲ್ಲುಗಳ ನಡುವೆ ಒಂದು ಸಂದು ಇತ್ತು. ವೈರಿನ ತುದಿಯನ್ನು ಆ ಸಂದಿಗೆ ಸಿಕ್ಕಿಸಿ, ತಲೆಯನ್ನು ಸ್ವಲ್ಪ ಎಡಕ್ಕೆ ವಾಲಿಸಿ ಎಳೆದರೆ ಪ್ಲಾಸ್ಟಿಕ್ ಸಿಪ್ಪೆ ಬಾಯಲ್ಲಿ ಉಳಿದು, ತಾಮ್ರದ ಎಳೆಗಳು ಹೊಳೆಯುತ್ತಾ ಹೊರಗೆ ಬರುತ್ತಿದ್ದವು. ಸಿಪ್ಪೆಯನ್ನು ಮಾರುದೂರದ ಡಬ್ಬಿಗೆ ಉಗುಳುತ್ತಿದ್ದರು. ಗುರಿ ತಪ್ಪಿದ್ದನ್ನು ನಾನು ನೋಡಿಲ್ಲ. ಕಾರಿನ ಹಾರ್ನ್ ರಿಪೇರಿಗೆ ಬಂದಿದ್ದ ಹಲ್ಲಿನ ಡಾಕ್ಟರೊಬ್ಬರು ಆ ಸಂದು ನೋಡಿ, "ಒಂದಿನ ಬನ್ನಿ, ತುಂಬಿಕೊಡ್ತೀನಿ" ಅಂದರಂತೆ. "ನಿಮ್ಮ ಇಕ್ಕಳ ನಾನು ಕಿತ್ಕೊಂಡ್ರೆ ನೀವು ಸುಮ್ನಿರ್ತೀರಾ ಡಾಕ್ಟ್ರೇ?" ಎಂದು ಮೇಷ್ಟ್ರು ಕೇಳಿದರಂತೆ.

ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಸಾಗರದ ಸೊರಬ ರಸ್ತೆಯಲ್ಲಿ ಅವರದು ಗಾಡಿಗಳ ವೈರಿಂಗ್ ಮತ್ತು ಬ್ಯಾಟರಿ ಅಂಗಡಿ. ಗಿರಾಕಿಗಳನ್ನು ಬೈಯುವ ರೀತಿಯಿಂದ ಮೇಷ್ಟ್ರು ಎಂಬ ಹೆಸರು ಬಂದಿತ್ತು. ಯಾರಾದರೂ "ಲೈಟಲ್ಲಿ ಏನೋ ಪ್ರಾಬ್ಲಮ್" ಎಂದರೆ, "ಏನೋ ಅಂದ್ರೆ ಎಂತದು? ಯಾವ ಲೈಟು? ಯಾವಾಗ? ಮೊದಲಿಂದ ಹೇಳು" ಎನ್ನುತ್ತಿದ್ದರು. ಎರಡು ಬಸ್ಸುಗಳ ಮಾಲೀಕರೊಬ್ಬರು ಕೈಕಟ್ಟಿ ನಿಂತು ಇಂಡಿಕೇಟರಿನ ಕತೆಯನ್ನು ಮೂರನೇ ಸಲ ಒಪ್ಪಿಸುವುದನ್ನು ನಾನೇ ಕಂಡಿದ್ದೇನೆ.

ಇಷ್ಟೆಲ್ಲ ಇದ್ದ ಮೇಷ್ಟ್ರಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ. ವರದಹಳ್ಳಿ ಕಡೆಯ ತಮ್ಮ ಹಳ್ಳಿಯಿಂದ ದಿನಾ ಸೈಕಲ್ಲಿನಲ್ಲಿ ಬಂದು ಸೈಕಲ್ಲಿನಲ್ಲೇ ಹೋಗುತ್ತಿದ್ದರು. ಕೇಳಿದರೆ, "ಒಳಗೆ ಏನೇನು ಸಡಿಲ ಇದೆ ಅಂತ ಗೊತ್ತಿರೋನಿಗೆ ಓಡ್ಸೋ ಧೈರ್ಯ ಬರಲ್ಲ ತಂಗಿ" ಎನ್ನುತ್ತಿದ್ದರು.

ನಮ್ಮದು ಶಾಮಿಯಾನ ಮತ್ತು ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ಕಸುಬು. ಕೊಪ್ಪರಿಗೆ, ಹಂಡೆ, ಕುರ್ಚಿ ಎಲ್ಲವನ್ನೂ ಹೇರಿಕೊಂಡು ಹೊಸನಗರ, ತೀರ್ಥಹಳ್ಳಿ ಸುತ್ತಲಿನ ಮದುವೆಮನೆಗಳಿಗೆ ಹೋಗುವುದು ಒಂದು ಹಳೆಯ ಪಿಕಪ್. ಅದನ್ನು ಓಡಿಸುವವಳು ನಾನು. ನಮ್ಮ ಮನೆಯವರಿಗೆ ಎಡಗಣ್ಣು ಮಂಜು, ಹಾಗಾಗಿ ಅವರು ಪಕ್ಕದಲ್ಲಿ ಕೂತು ಸಲಹೆ ಕೊಡುತ್ತಾರೆ. ಒಂದು ವರ್ಷ ಕುಪ್ಪಳ್ಳಿ ಹತ್ತಿರದ ಮದುವೆಮನೆಯಲ್ಲಿ ಕೊಪ್ಪರಿಗೆ ಇಳಿಸುವಾಗ ಜಾರಿ ಬಿದ್ದು ನನ್ನ ಬಲ ಮೊಣಕಾಲು ಕೆಟ್ಟಿತು. ನಡೆದರೆ ನೋವಿಲ್ಲ, ಓಡಾಡಿದರೂ ಇಲ್ಲ. ಆಕ್ಸಿಲರೇಟರ್ ಮೇಲೆ ಪಾದವನ್ನು ಒಂದೇ ಭಂಗಿಯಲ್ಲಿ ಹತ್ತು ನಿಮಿಷ ಇಟ್ಟರೆ ಮಂಡಿಯೊಳಗೆ ಯಾರೋ ಸ್ಕ್ರೂ ತಿರುಗಿಸಿದ ಹಾಗೆ. ಡಾಕ್ಟರು ಗಾಡಿ ಬಿಡಿ ಎಂದರು. ನಮ್ಮ ಮನೆಯವರು ರಿಪ್ಪನ್‌ಪೇಟೆಯ ಒಬ್ಬರಿಗೆ ಗಾಡಿ ಮಾರುವ ಮಾತು ಕೊಡುವ ತನಕ ಹೋದರು. ಆ ಮನುಷ್ಯ ಬಂದು ಟೈರು ಒದ್ದು ನೋಡಿ ಹೋದ ದಿನ ನಾನು ಊಟ ಮಾಡಲಿಲ್ಲ. ಮನೆಯಲ್ಲಿ ಎಲ್ಲರಿಗೂ ಬೇಕಾದವಳಾಗಿದ್ದೆನೇ ಹೊರತು, ನನ್ನದು ಎಂದು ನನಗಿದ್ದದ್ದು ಆ ಸ್ಟಿಯರಿಂಗ್ ಒಂದೇ.

ಆಮೇಲಿನ ವಾರ ಮದುವೆಗೆ ಬಂದ ನೆಂಟರೊಬ್ಬರ ಕಾರಿನಲ್ಲಿ ಕ್ರೂಸ್ ಕಂಟ್ರೋಲ್ ಎಂಬುದನ್ನು ನೋಡಿದೆ. ಗುಂಡಿ ಒತ್ತಿದರೆ ಕಾಲು ತೆಗೆದರೂ ಗಾಡಿ ಅದೇ ಸ್ಪೀಡಿನಲ್ಲಿ ಹೋಗುತ್ತದೆ, ಬ್ರೇಕ್ ಮುಟ್ಟಿದರೆ ಬಿಟ್ಟುಕೊಡುತ್ತದೆ. ಮಾರನೆಯ ದಿನವೇ ಮೇಷ್ಟ್ರ ಅಂಗಡಿಗೆ ಹೋದೆ.

ಅವರು ಬಾಯಿಂದ ವೈರ್ ತೆಗೆಯದೆ ಪೂರ್ತಿ ಕೇಳಿಸಿಕೊಂಡರು. ಆಮೇಲೆ ತೆಗೆದು ಹೇಳಿದರು. "ಅದು ನೆಟ್ಟಗಿರೋ ರಸ್ತೆಗೆ ಮಾಡಿದ್ದು ತಂಗಿ. ಸಾಗರದಿಂದ ತೀರ್ಥಹಳ್ಳಿ ತನಕ ನೆಟ್ಟಗಿರೋದು ಎಂತ ಇದೆ? ಲೈಟ್ ಕಂಬ ಕೂಡ ವಾಲಿದೆ."

ಜೊತೆಗೆ ಬಂದಿದ್ದ ನಮ್ಮ ಮನೆಯವರು, "ಟ್ರ್ಯಾಕ್ಟರಿಗೆ ಕೈಯಲ್ಲಿ ಎಳೆಯೋ ಆಕ್ಸಿಲರೇಟರ್ ಇರ್ತದಲ್ಲ, ಅದನ್ನೇ ಹಾಕಿಬಿಡಿ. ಯಾರಾದ್ರೂ ವೆಲ್ಡ್ ಮಾಡಿಕೊಡ್ತಾರೆ" ಎಂದರು.

ಮೇಷ್ಟ್ರು ಅವರನ್ನೇ ನೋಡಿದರು. "ಹಾಕ್ಬಹುದು. ಏರಿನಲ್ಲಿ ಗಾಡಿ ನಿಲ್ತದೆ, ಇಳಿಜಾರಿನಲ್ಲಿ ಹಾರ್ತದೆ. ಬ್ರೇಕ್ ಒತ್ತಿದ್ರೆ ಬ್ರೇಕು ಹಿಂದಕ್ಕೆ ಎಳೀತದೆ, ಇಂಜಿನ್ನು ಮುಂದಕ್ಕೆ ಎಳೀತದೆ, ಮಧ್ಯ ನೀವು ಕೂತಿರ್ತೀರಿ." ಎಂದವರು ನನ್ನ ಕಡೆ ತಿರುಗಿ, "ಮಂಗಳವಾರ ನನಗೆ ರಜ. ಗಾಡಿ ತಗಂಡು ಬಾ. ರಸ್ತೆ ನೋಡಿ ಹೇಳ್ತೀನಿ" ಎಂದರು.

ಅವರು ನಲವತ್ತು ವರ್ಷದಿಂದ ಅದೇ ಊರಿನಲ್ಲಿ ಅಂಗಡಿ ಇಟ್ಟುಕೊಂಡು ಆ ರಸ್ತೆ ನೋಡಿರಲಿಲ್ಲವೆಂದಲ್ಲ. ಆದರೆ ಮಂಗಳವಾರ ಬೆಳಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ನೂರು ಪುಟದ ನೋಟ್‌ಬುಕ್ ಹಿಡಿದು ಬಂದರು. ನಮ್ಮ ಮನೆಯವರನ್ನು ಮಧ್ಯಕ್ಕೆ ತಳ್ಳಿ ಕಿಟಕಿ ಪಕ್ಕ ಕೂತರು. ಆನಂದಪುರ, ರಿಪ್ಪನ್‌ಪೇಟೆ ಮೇಲೆ ತೀರ್ಥಹಳ್ಳಿ. ಎಲ್ಲಿ ರಸ್ತೆ ನೆಟ್ಟಗೆ ಬರುತ್ತದೋ ಅಲ್ಲಿ ಗಟ್ಟಿಯಾಗಿ ಒಂದು, ಎರಡು, ಮೂರು ಎಂದು ಎಣಿಸುವುದು, ತಿರುವು ಬಂದ ಕೂಡಲೇ ನಿಲ್ಲಿಸುವುದು. ಇಪ್ಪತ್ತರೊಳಗೆ ನಿಂತರೆ ಬರೆಯುತ್ತಿರಲಿಲ್ಲ. ಒಂದು ಕಡೆ ಅರವತ್ತಮೂರರ ತನಕ ಹೋಗಿತ್ತು, ದನ ಅಡ್ಡ ಬಂತು. ನಾನು ನಿಲ್ಲಿಸಿದೆ. "ದನ ಲೆಕ್ಕಕ್ಕಿಲ್ಲ. ಅರವತ್ನಾಲ್ಕು" ಎಂದರು. ರಿಪ್ಪನ್‌ಪೇಟೆ ದಾಟಿದ ಮೇಲೆ ಎಣಿಕೆ ಏಳು, ಹನ್ನೊಂದು, ನಾಲ್ಕಕ್ಕೆ ಬಂದು ನಿಲ್ಲತೊಡಗಿ, ಇನ್ನು ಗಾಡಿ ಮಾರಿದ ಹಾಗೆಯೇ ಎಂದು ನಮ್ಮ ಮನೆಯವರ ಮುಖ ಅರಳುತ್ತಾ ಹೋಯಿತು.

ತೀರ್ಥಹಳ್ಳಿಯ ಹೋಟೆಲಿನಲ್ಲಿ ಬನ್ಸ್ ತಿನ್ನುತ್ತಾ ಮೇಷ್ಟ್ರು ಕೂಡಿ ಕಳೆದು ತೀರ್ಪು ಕೊಟ್ಟರು. "ಎರಡು ಗಂಟೆ ದಾರಿಯಲ್ಲಿ ಅರ್ಧ ಗಂಟೆ ನಿನ್ನ ಕಾಲಿಗೆ ರೆಸ್ಟ್ ಸಿಗ್ತದೆ. ಸಾಕಾ?"

"ಸಾಕು ಮೇಷ್ಟ್ರೇ."

"ಮಳೆಯಲ್ಲಿ ಹಾಕೋ ಹಾಗಿಲ್ಲ. ತಿರುವಲ್ಲಿ ಇಲ್ಲ. ಇಳಿಜಾರಲ್ಲಿ ಇಲ್ಲ. ಊರೊಳಗೆ ಇಲ್ಲ."

"ಮತ್ತೆ ಉಳಿದಿದ್ದು ಎಂತ?" ಎಂದರು ನಮ್ಮ ಮನೆಯವರು.

"ಉಳಿದಿದ್ದಕ್ಕೇ ಹಾಕ್ತಿರೋದು" ಎಂದರು ಮೇಷ್ಟ್ರು.

ಹೊಸ ಗಾಡಿಗಳಲ್ಲಿ ಎಲ್ಲ ಕಂಪ್ಯೂಟರು. ನಮ್ಮದರಲ್ಲಿ ಆಕ್ಸಿಲರೇಟರಿನಿಂದ ಇಂಜಿನ್ನಿಗೆ ಒಂದು ಕೇಬಲ್ ಅಷ್ಟೇ. ಅಂಥ ಕೇಬಲ್ಲನ್ನು ಎಳೆಯುವ ಪುಟ್ಟ ಮೋಟರ್ ಇರುವ ಕಿಟ್ ತರಿಸಿದೆವು. ಜೊತೆಗೆ ಬಂದ ಪುಸ್ತಕ ಯಾವ ಭಾಷೆಯದೋ ತಿಳಿಯಲಿಲ್ಲ. ಮೇಷ್ಟ್ರು ಚಿತ್ರ ನೋಡಿಕೊಂಡೇ ಮೂರು ದಿನ ಗಾಡಿಯಡಿ ಮಲಗಿದರು. ಹಿಂದಿನ ಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟಿಗೆ ಎರಡು ಅಯಸ್ಕಾಂತ ಕಟ್ಟಿ, ಅದು ಎಷ್ಟು ಸಲ ತಿರುಗಿತೆಂದು ಎಣಿಸುವ ಕಣ್ಣೊಂದನ್ನು ಪಕ್ಕದಲ್ಲಿ ಕೂರಿಸಿದರು. ಬ್ರೇಕಿನಿಂದ ಒಂದು ವೈರ್, ಕ್ಲಚ್ಚಿನಿಂದ ಒಂದು ವೈರ್. ನಾಲ್ಕನೇ ದಿನ, ಎಲ್ಲ ಆಯಿತು ಎಂದು ನಾನಂದುಕೊಂಡಾಗ, "ಈಗ ಶುರು" ಎಂದರು.

ಹಿಂದಿನ ಚಕ್ರಗಳನ್ನು ನೆಲ ಬಿಟ್ಟು ಎತ್ತಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಡ್ರೈವರ್ ಸೀಟಿನಲ್ಲಿ ತಾವೇ ಹತ್ತಿ ಕೂತರು. ಅವರು ಜೀವಮಾನದಲ್ಲಿ ಓಡಿಸಿದ ಒಂದೇ ಗಾಡಿ ಅದು, ಅದೂ ನಿಂತಲ್ಲೇ. ಚಕ್ರಗಳು ಗಾಳಿಯಲ್ಲಿ ತಿರುಗುತ್ತಿದ್ದವು, ಮುಳ್ಳು ನಲವತ್ತು ತೋರಿಸುತ್ತಿತ್ತು, ಮೇಷ್ಟ್ರು ಎರಡೂ ಕೈಯಲ್ಲಿ ಸ್ಟಿಯರಿಂಗ್ ಹಿಡಿದು ಮೈಯೆಲ್ಲ ಬಿಗಿಮಾಡಿ ನೇರ ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ಬ್ರೇಕನ್ನು ಮೆಲ್ಲಗೆ ಮುಟ್ಟುವುದು, ಮೋಟರ್ ಬಿಟ್ಟುಕೊಟ್ಟಿತೇ ನೋಡುವುದು, ಮತ್ತೆ ಗುಂಡಿ ಒತ್ತುವುದು. ನಾನು ಗೋಡೆಗೆ ಸೀಮೆಸುಣ್ಣದಲ್ಲಿ ಗೀಟು ಹಾಕಬೇಕು. ಟೀ ಕುಡಿಯಲು ಬಂದವರೆಲ್ಲ ನಿಂತು ನೋಡಿದರು. ಒಬ್ಬರು, "ಮೇಷ್ಟ್ರೇ, ಶಿವಮೊಗ್ಗ ಬಂತಾ?" ಎಂದು ಕೇಳಿದರು. ಮೇಷ್ಟ್ರು ಗೋಡೆಯಿಂದ ಕಣ್ಣು ಕೀಳಲಿಲ್ಲ.

ಇನ್ನೂರಾ ಹದಿಮೂರು ಗೀಟು ಆಯಿತು. ಇನ್ನೂರಾ ಹದಿನಾಲ್ಕನೆಯದಕ್ಕೆ ಮೇಷ್ಟ್ರು ಬ್ರೇಕ್ ಮುಟ್ಟಿದರು, ಚಕ್ರ ತಿರುಗುತ್ತಲೇ ಇತ್ತು. ಹಿಂದೆ ಬ್ರೇಕ್ ಲೈಟೂ ಹೊತ್ತಲಿಲ್ಲ. ಅವರು ಕೀ ತಿರುಗಿಸಿ ಇಂಜಿನ್ ನಿಲ್ಲಿಸಿದರು, ಕೀಯನ್ನು ಅಂಗಿಯ ಜೇಬಿಗೆ ಹಾಕಿಕೊಂಡರು.

ಅವತ್ತು ಮಧ್ಯಾಹ್ನ ನಾನು ಹೊಸನಗರದ ಮದುವೆಮನೆಗೆ ಪಾತ್ರೆ ತಲುಪಿಸಬೇಕಿತ್ತು. "ಇನ್ನೂರಾ ಹದಿಮೂರು ಸಲ ಸರಿ ಆಯ್ತಲ್ಲ ಮೇಷ್ಟ್ರೇ. ಗುಂಡಿ ಒತ್ತದೇ ಇದ್ರಾಯ್ತು, ಇವತ್ತೊಂದಿನ ಕಾಲಲ್ಲೇ ಓಡಿಸ್ತೀನಿ. ಕೀ ಕೊಡಿ" ಎಂದೆ.

"ಬ್ರೇಕ್ ಲೈಟ್ ಹೊತ್ತಿಲ್ಲ ತಂಗಿ. ಹಿಂದಿನಿಂದ ಬರೋ ಬಸ್ಸಿನೋನಿಗೆ ನೀನು ಬ್ರೇಕ್ ಹಾಕಿದ್ದು ಹೇಗೆ ಗೊತ್ತಾಗ್ತದೆ?"

"ಇನ್ನೂರಕ್ಕೆ ಒಂದು ಸಲ ತಾನೇ?"

"ಆ ಒಂದು ಸಲ ಯಾವ ಜಾಗದಲ್ಲಿ ಬರ್ತದೆ ಅಂತ ಬರೆದುಕೊಡು. ಕೀ ಕೊಡ್ತೀನಿ."

ನನಗೆ ಸಿಟ್ಟು ನೆತ್ತಿಗೇರಿತು. ಗಾಡಿ ಓಡಿಸಲು ಬಾರದವರಿಂದ ನಾನು ಕಲಿಯಬೇಕಾಗಿಲ್ಲ ಎಂದುಬಿಟ್ಟೆ, ಟೀ ಕುಡಿಯುವವರೆಲ್ಲರ ಎದುರು. ಅವರು ಬೋಲ್ಟು ಬಿಚ್ಚಲು ಕೂತರು. ನಾನು ಬೇರೆ ಗಾಡಿ ಹಿಡಿದು, ಪಾತ್ರೆಗಳ ಜೊತೆ ಹಿಂದೆ ಕೂತು, ದಾರಿಯುದ್ದಕ್ಕೂ ಅವರನ್ನು ಬೈದುಕೊಂಡು ಹೊಸನಗರಕ್ಕೆ ಹೋದೆ.

ಮರುದಿನ ಮುಹೂರ್ತ ಮುಗಿದು ಎರಡನೇ ಪಂಕ್ತಿ ಕೂರುವ ಹೊತ್ತಿಗೆ ಚಪ್ಪರದ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ಅದೇ ಇಸ್ತ್ರಿ ಮಾಡಿದ ಅಂಗಿ. ಬಸ್ಸಿನಲ್ಲಿ ಬಂದಿದ್ದರು. ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ನನ್ನ ಅಂಗೈ ಮೇಲೆ ಬಿಚ್ಚಿದರು. ಬ್ರೇಕ್ ಪೆಡಲಿನ ಹಿಂದಿರುವ ಸ್ವಿಚ್ಚು, ಎರಡು ಹೋಳು. ಒಳಗಿನ ಹಿತ್ತಾಳೆಯ ಚೂರು ಸುಟ್ಟು ಕಪ್ಪಾಗಿ, ತುದಿ ಸವೆದು ಹೋಗಿತ್ತು.

"ಇದು ನಾನು ಹಾಕಿದ್ದಲ್ಲ ತಂಗಿ. ನಿನ್ನ ಗಾಡಿ ಜೊತೆಗೇ ಬಂದಿದ್ದು. ಕ್ರೂಸ್ ಇಲ್ಲದೇ ಇದ್ರೂ ಇದು ಯಾವತ್ತೋ ಕೈಕೊಡೋದೇ. ಹೊಸದು ಹಾಕಿದೀನಿ. ಮುನ್ನೂರು ಸಲ ನೋಡಿದೀನಿ."

"ನಿನ್ನೆ ಹಾಗೆ ಅನ್ನಬಾರದಿತ್ತು" ಎಂದೆ.

"ಅಂದಿದ್ದು ಸರಿಯೇ ಇದೆಯಲ್ಲ. ನಂಗೆ ಓಡಿಸೋಕೆ ಬರಲ್ಲ" ಎಂದು ಚಪ್ಪರದೊಳಗೆ ಇಣುಕಿದರು. "ನಾನು ಬಂದಿದ್ದು ಊಟಕ್ಕಲ್ಲ. ಪಾಯಸ ಯಾವುದು ಇವತ್ತು?" ಎರಡು ಸಲ ಹಾಕಿಸಿಕೊಂಡು ಉಂಡರು. ಗುರುತಿಲ್ಲದ ಮದುಮಗನಿಗೆ ಕೈಕುಲುಕಿ ಹೊರಟರು.

ಆದರೂ ಅವರಿಗೆ ಸಮಾಧಾನವಿರಲಿಲ್ಲ. ಹೊಸ ಸ್ವಿಚ್ಚೂ ಒಂದು ದಿನ ಹಳತಾಗುತ್ತದಲ್ಲ. ವಾರ ಬಿಟ್ಟು ಗಾಡಿ ತರಲು ಹೋದರೆ ಕ್ಯಾಬಿನ್ನಿನ ಮಾಡಿನ ಒಳಗೆ, ಹಿಂದೆಲ್ಲ ಬಸ್ಸಿನಲ್ಲಿ ಕಂಡಕ್ಟರ್ ಎಳೆಯುತ್ತಿದ್ದಂಥ ಹಗ್ಗ ಕಟ್ಟಿದ್ದರು. ಎಳೆದರೆ ಕ್ರೂಸ್ ಕಂಟ್ರೋಲಿಗೆ ಹೋಗುವ ಕರೆಂಟೇ ಕಡಿದುಹೋಗಿ, ಟಣ್ ಎಂದು ಗಂಟೆ ಬಾರಿಸುತ್ತಿತ್ತು. ಹಗ್ಗದ ತುದಿ ಇದ್ದದ್ದು ನಮ್ಮ ಮನೆಯವರು ಕೂರುವ ಜಾಗದ ಮೇಲೆ. "ಇದು ನಿಮ್ಮ ಡ್ಯೂಟಿ. ಅವಳಿಗೆ ರಸ್ತೆ, ನಿಮಗೆ ಹಗ್ಗ" ಎಂದು ಮೇಷ್ಟ್ರು ಅವರ ಕೈಗೆ ಕೊಟ್ಟರು.

ಮದುವೆಯಾದಾಗಿನಿಂದ ನನ್ನ ಪಕ್ಕ ಕೂತು "ನಿಧಾನ, ನಿಧಾನ" ಎಂದರೂ ಕೇಳಿಸಿಕೊಳ್ಳದ ನನ್ನನ್ನು ಹತೋಟಿಗೆ ತರುವ ಅಧಿಕಾರ ನಮ್ಮ ಮನೆಯವರಿಗೆ ಸಿಕ್ಕಿದ್ದು ಅವತ್ತೇ. ಆನಂದಪುರದ ಕಡೆ ಮೊದಲ ಸಲ ಗುಂಡಿ ಒತ್ತಿ ಕಾಲು ತೆಗೆದೆ. ಪಿಕಪ್ ತನ್ನಷ್ಟಕ್ಕೆ ಹೋಯಿತು. ನನ್ನ ಕಾಲು ಒತ್ತಿ ಬಿಟ್ಟು ಮಾಡುವಾಗ ಹಿಂದೆ ಕುಣಿಯುತ್ತಿದ್ದ ಪಾತ್ರೆಗಳೆಲ್ಲ ಒಮ್ಮೆಲೇ ಸುಮ್ಮನಾದವು. ನಾನು ಮಂಡಿ ನೀಡಿ ಕೂತೆ. ಅಷ್ಟರಲ್ಲಿ ಟಣ್. ಅರ್ಧ ಮೈಲಿ ಆಚೆ ಒಂದು ನಾಯಿ ಇತ್ತು. ಸ್ವಲ್ಪ ಹೊತ್ತಿಗೆ ಮತ್ತೆ ಟಣ್. ಎದುರಿಗೆ ಒಬ್ಬರು ನಡೆದು ಬರುತ್ತಿದ್ದರು, ಅವರು ರಸ್ತೆ ದಾಟಿದರೂ ದಾಟಬಹುದಂತೆ. ತೀರ್ಥಹಳ್ಳಿ ತಲುಪುವುದರೊಳಗೆ ಹದಿನೆಂಟು ಸಲ ಗಂಟೆ ಬಾರಿಸಿತು. ತಿಂಗಳು ಬಿಟ್ಟು ರಿಪ್ಪನ್‌ಪೇಟೆಯ ಆ ಮನುಷ್ಯ ಗಾಡಿ ಕೇಳಿಕೊಂಡು ಬಂದಾಗ ನಮ್ಮ ಮನೆಯವರೇ ಮುಂದೆ ಹೋಗಿ, "ಕೊಡೋ ಹಾಗಿಲ್ಲ ಮಾರಾಯ್ರೇ. ನಮಗಿಬ್ಬರಿಗೂ ಅದರಲ್ಲಿ ಕೆಲಸ ಇದೆ" ಎಂದು ಕಳಿಸಿದರು.

ಮೇಷ್ಟ್ರು ಹೋಗಿ ಒಂದೂವರೆ ವರ್ಷವಾಯಿತು. ಊಟ ಮಾಡಿ ಅಂಗಡಿಯ ಬೆಂಚಿನ ಮೇಲೆ ಒರಗಿದವರು ಏಳಲಿಲ್ಲ. ಹದಿಮೂರನೇ ದಿನದ ಊಟಕ್ಕೆ ಪಾತ್ರೆ, ಶಾಮಿಯಾನ ನಾವೇ ಒಯ್ದೆವು. ಅವರು ರಿಪೇರಿ ಮಾಡಿದ ಬಸ್ಸುಗಳಲ್ಲೇ ಜನ ಬಂದಿಳಿದರು.

ಮೊನ್ನೆ ಗಾಡಿಯ ಹೆಡ್‌ಲೈಟ್ ಹೋಯಿತು. ಶಿವಮೊಗ್ಗದಲ್ಲಿದ್ದೆ, ಅಲ್ಲೇ ಗುರುತಿಲ್ಲದ ಒಂದು ಅಂಗಡಿಗೆ ಬಿಟ್ಟೆ. ಅಂಗಡಿಯವರು ಫೋನಿನಲ್ಲಿ ಮಾತಾಡುತ್ತಲೇ ಡ್ಯಾಶ್‌ಬೋರ್ಡಿನ ಕೆಳಗಿನ ಹಲಗೆ ಬಿಚ್ಚಿದರು. ಹತ್ತು ನಿಮಿಷದ ಕೆಲಸ ಎಂದಿದ್ದರು. ಬಿಚ್ಚಿದವರು ಮಾತು ನಿಲ್ಲಿಸಿದರು. ಒಳಗೆ ಒಂದೊಂದು ವೈರಿಗೂ ದಾರದಲ್ಲಿ ಕಟ್ಟಿದ ರಟ್ಟಿನ ಚೀಟಿ, ಚೀಟಿಗೆ ನೀರು ಹಿಡಿಯದ ಹಾಗೆ ಟೇಪು. ಮೇಷ್ಟ್ರ ದುಂಡು ಅಕ್ಷರ. ಇದು ಬ್ರೇಕಿನದು. ಇದು ಕ್ಲಚ್ಚಿನದು. ಇದು ಹಗ್ಗದ್ದು, ಕಡಿಯಬೇಡಿ. ಎಲ್ಲಕ್ಕಿಂತ ಒಳಗೆ, ಯಾವ ವೈರಿಗೂ ಸೇರದೆ, ಸ್ವಲ್ಪ ದೊಡ್ಡದೊಂದು ಚೀಟಿ ತೂಗುತ್ತಿತ್ತು. ಅಂಗಡಿಯವರು ಅದನ್ನು ಬೆಳಕಿಗೆ ಎಳೆದು ಓದಿದರು, ಆಮೇಲೆ ನನಗೂ ತೋರಿಸಿದರು.

"ಇದು ನನ್ನ ತಂಗಿ ಓಡಿಸುವ ಗಾಡಿ. ಅವಸರವಿದ್ದರೆ ಮುಟ್ಟಬೇಡಿ."

ಅವರು ಫೋನನ್ನು ಆಚೆ ಇಟ್ಟರು. ಒಳಗಿನಿಂದ ಕುರ್ಚಿ ತಂದು, ಬಟ್ಟೆಯಲ್ಲಿ ಒರೆಸಿ ನನಗೆ ಹಾಕಿದರು. "ಕೂತ್ಕೊಳ್ಳಿ ಅಕ್ಕ. ಸ್ವಲ್ಪ ಟೈಮ್ ಆಗ್ತದೆ" ಎಂದರು.