ಕಡೇ ಬಸ್ಸಿಗೆ ಎದ್ದು ಬಂದ ಪಿಚ್ಚರ್

ಹಸಿ ಹೊಗೆಸೊಪ್ಪಿನ ಅಂಟು ಕೈಗೆ ಹತ್ತಿದರೆ ಸೋಪಿಗೆ ಬಗ್ಗುವುದಿಲ್ಲ. ಮೊನ್ನೆ ಊರಿಗೆ ಹೋದವಳು ತಮ್ಮನ ಜೊತೆ ಕೂತು, ಒಣಗಲು ತೂಗುಹಾಕುವ ನಾಲ್ಕು ಕಡ್ಡಿಗೆ ಸೊಪ್ಪು ಕಟ್ಟಿದೆ. ಮೈಸೂರಿಗೆ ಬಂದು ಊಟಕ್ಕೆ ಕೂತಾಗಲೂ ಬೆರಳಲ್ಲಿ ಆ ಕಮಟು ವಾಸನೆ. ಅದರ ಹಿಂದೆಯೇ ನೆನಪಾದವರು ಪಕ್ಕದ ಮನೆಯ ಅತ್ತೆ...

ಸಂಬಂಧವೇನಿಲ್ಲ, ಅತ್ತೆ ಎನ್ನುತ್ತಿದ್ದೆವು ಅಷ್ಟೇ. ಅವರ ಒಬ್ಬನೇ ತಮ್ಮ ಲಾರಿ ಕ್ಲೀನರ್ ಆಗಿ ಕೇರಳಕ್ಕೆ ಹೋದವನು ತಿರುಗಿ ಬಂದಿರಲಿಲ್ಲ. ಸತ್ತ ಸುದ್ದಿಯೂ ಇಲ್ಲ, ಇದ್ದ ಸುದ್ದಿಯೂ ಇಲ್ಲ. ಆ ಮಾತನ್ನು ಅತ್ತೆ ಎತ್ತುತ್ತಿರಲಿಲ್ಲ. ಎತ್ತುತ್ತಿದ್ದುದೆಲ್ಲ ಒಂದು ಪಿಚ್ಚರಿನ ಮಾತು.

ಹಳೇ ಹಿಂದಿ ಫೈಟಿಂಗ್ ಪಿಚ್ಚರ್. ಸೊಪ್ಪು ಮಾರಿ ಜನರ ಕೈಯಲ್ಲಿ ಕಾಸಾಡುವ ಹೊತ್ತಿಗೆ ಪಿರಿಯಾಪಟ್ಟಣದ ಟಾಕೀಸಿನವರು ವರ್ಷವರ್ಷವೂ ಅದನ್ನೇ ಹಾಕುತ್ತಿದ್ದರು. ರೀಲು ಸವೆದು ಪರದೆ ತುಂಬ ಗೆರೆ ಬೀಳುತ್ತಿದ್ದರೂ ಸೀಟು ಸಿಗುತ್ತಿರಲಿಲ್ಲ. ನಮಗ್ಯಾರಿಗೂ ಹಿಂದಿ ಬಾರದು. ಅತ್ತೆ ಸೊಪ್ಪು ಕಟ್ಟುತ್ತಾ ಕತೆ ಹೇಳಿದರೆ ಡಕಾಯಿತನೂ ನಮ್ಮೂರ ಮಾತಲ್ಲೇ ಗದರುತ್ತಿದ್ದ: "ಎಲ್ಲವ್ನೆ, ಕರೀರ್ಲಾ ಅವನ್ನ! ಚರ್ಮ ಸುಲ್ದು ತಮಟೆ ಕಟ್ಟುಸ್ತೀನಿ!"

ಒಂದೇ ತೊಂದರೆ. ನಮ್ಮೂರಿನ ಕಡೇ ಬಸ್ಸು ಮ್ಯಾಟಿನಿ ಬಿಡುವ ಮೊದಲೇ ಹೊರಡುತ್ತಿತ್ತು. ಹೀರೋನ ಗೆಳೆಯ ಜನರನ್ನೆಲ್ಲ ಹೊರಗೆ ಕಳಿಸಿ, ಕೋಟೆ ಬಾಗಿಲು ಹಾಕಿಕೊಂಡು ಡಕಾಯಿತರಿಗೆ ಒಬ್ಬನೇ ಎದುರು ನಿಲ್ಲುತ್ತಿದ್ದಂತೆ ನಾವೆಲ್ಲ ಕತ್ತಲಲ್ಲಿ ಚಪ್ಪಲಿ ಹುಡುಕುತ್ತಿದ್ದೆವು. ಅಷ್ಟು ಸಲ ನೋಡಿಯೂ ಕೊನೆ ಕಂಡವರು ಊರಲ್ಲಿ ಇರಲಿಲ್ಲ. ಪಟ್ಟಣದವರನ್ನು ಕೇಳಬಹುದಿತ್ತು, ಅತ್ತೆ ಕೇಳಗೊಡುತ್ತಿರಲಿಲ್ಲ. "ಕಾಲ್ಗೆ ಗುಂಡು ಬಿದ್ದೈತೆ ಅಷ್ಟೇಯ. ಕುಂಟ್ಕಂಡ್ ಬತ್ತಾನೆ" ಎಂದು ತಾವೇ ಮುಗಿಸುತ್ತಿದ್ದರು.

ನಮ್ಮ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲನೆಯವಳು ನಾನು. ಅಪ್ಪನ ಜೊತೆ ಜಗಳವಾಡಿಯೇ ಬಿ.ಎ.ಗೆ ಮೈಸೂರಿನ ಹಾಸ್ಟೆಲ್ ಸೇರಿದ್ದು. ಅಲ್ಲೂ ಆ ಪಿಚ್ಚರ್ ಬಂತು. ಮೊದಲ ಸಲ ಬಸ್ಸಿನ ಚಿಂತೆಯಿಲ್ಲದೆ ಪೂರ್ತಿ ನೋಡಿದೆ. ಗೆಳೆಯ ಸಾಯುತ್ತಾನೆ.

ದಸರಾ ರಜೆಗೆ ಬಂದಾಗ ಚಪ್ಪರದಡಿ ಸೊಪ್ಪು ಕಟ್ಟುತ್ತಿದ್ದ ಹೆಂಗಸೊಬ್ಬಳು ಛೇಡಿಸಿದಳು: "ಡಿಗ್ರಿ ಓದೋಳು ಪೂರ್ತಿ ನೋಡವ್ಳಂತೆ ಕಣ್ರವ್ವ. ಏಳ್ಲಿ, ಕೇಳಾನ."

ಅತ್ತೆಯ ಕೈಯಲ್ಲಿ ದಾರ ನಿಂತಿತು. "ಬಂದ್ನೇನವ್ವ?" ಎಂದರು.

ಇದ್ದುದನ್ನು ಇದ್ದಂತೆ ಹೇಳುವುದು ನನ್ನ ಸ್ವಭಾವ. "ಇಲ್ಲ ಅತ್ತೆ. ಸತ್ತೋಯ್ತಾನೆ" ಎಂದೆ.

ಅತ್ತೆ ಒಂದು ಗಂಟು ಬಿಗಿದರು, ಇನ್ನೊಂದು ಬಿಗಿದರು. ಆಮೇಲೆ ತಲೆ ಎತ್ತದೆಯೇ ಅಂದರು:

"ಬುಡು. ನಿಮ್ ಮೈಸೂರಲ್ಲಿ ಸಾಯ್ತಾನೆ. ನಮ್ ಪಿರಿಯಾಪಟ್ಣದಲ್ಲಿ ಸಾಯಾಕಿಲ್ಲ."

ಎಲ್ಲರೂ ನಕ್ಕರು. ಅತ್ತೆಯೂ ನಕ್ಕರು. ಮುಂದಿನ ವರ್ಷ ಬಸ್ಸಿನ ಟೈಮು ಬದಲಾಗಿ ಕೊನೆ ನೋಡುವಷ್ಟು ಹೊತ್ತಿತ್ತು. ಊರವರೆಲ್ಲ ಕೂತು ನೋಡಿದರು. ಅತ್ತೆ ಮಾತ್ರ ಅದೇ ಸೀನಿಗೆ ಎದ್ದು ಹೋಗಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರೇ ಕೂತಿದ್ದರಂತೆ...

ಅತ್ತೆಯ ತಮ್ಮ ಬರಲೇ ಇಲ್ಲ. ಅತ್ತೆ ಹೋಗಿಯೂ ವರ್ಷಗಳಾದವು. ಟಾಕೀಸು ಇದ್ದ ಜಾಗದಲ್ಲಿ ಈಗ ಕಲ್ಯಾಣಮಂಟಪ. ಪಿಚ್ಚರ್ ಮಾತ್ರ ಟೀವಿಯಲ್ಲಿ ಬರುತ್ತಲೇ ಇದೆ. ನನ್ನ ಮಗಳೂ ಮೊಬೈಲು ಬದಿಗಿಟ್ಟು ನೋಡುತ್ತಾಳೆ. ನಾನೂ ಕೂರುತ್ತೇನೆ. ಕೋಟೆ ಬಾಗಿಲು ಮುಚ್ಚಿದ ಕೂಡಲೇ ಎದ್ದು ಅಡುಗೆಮನೆಗೆ ಹೋಗುತ್ತೇನೆ.

"ಕೊನೆ ನೋಡಲ್ವಾ ಅಮ್ಮ?" ಎಂದು ಮಗಳು ಕೂಗುತ್ತಾಳೆ.

"ಬಸ್ಸಿಗೆ ಹೊತ್ತಾಯ್ತು" ಅನ್ನುತ್ತೇನೆ.