ಹೇಮಗುಡ್ಡದ ಹಿಂದಿನ ಉಲಿಯಕ್ಕಿಗಳು

ನಾಲ್ಕು ವರ್ಷದ ಹಿಂದೆ, ನಿವೃತ್ತಿಗೆ ಒಂದು ವರ್ಷ ಉಳಿದಿದ್ದಾಗ, ನಾನು ಗಂಗಾವತಿ ಕಡೆ ಫಾರೆಸ್ಟ್ ಗಾರ್ಡ್ ಆಗಿದ್ದೆ. ಹೇಮಗುಡ್ಡದ ಹಿಂದಿನ ಕುರುಚಲು ಕಾಡು ನನ್ನ ಬೀಟ್, ಅಂದರೆ ನಾನು ಕಾಯಬೇಕಾದ ಭಾಗ. ಜೊತೆಗೆ ದಿನಗೂಲಿ ವಾಚರ್ ಹುಸೇನಸಾಬ. ಅವನು ಈಗಿಲ್ಲ. ಈ ಸಲದ ರಂಜಾನಿಗೆ ಮೊದಲೇ ತೀರಿಕೊಂಡ.

ಉಲಿಯಕ್ಕಿಗಳು ಗುಬ್ಬಿಗಿಂತ ಸಣ್ಣ ಹಾಡುಹಕ್ಕಿಗಳು. ಚಳಿಗಾಲ ಇಲ್ಲಿ ಕಳೆದು ಯುಗಾದಿ ಹೊತ್ತಿಗೆ ಉತ್ತರಕ್ಕೆ ಹೊರಡುತ್ತವೆ. ಆಗ ಒಂದು ಮಳೆ ಬಿದ್ದರೆ ಮರುದಿನ ಹುಳು ಏಳುತ್ತವೆ. ಹಕ್ಕಿಗಳು ಒಂದು ತಗ್ಗಿನ ಕಾರೆ ಪೊದೆಗಳಲ್ಲಿ ಸೇರಿ, ದೂರದ ಪ್ರಯಾಣಕ್ಕೆ ಬೇಕಾದಷ್ಟು ಮೇಯುತ್ತವೆ. ಆ ತಗ್ಗು ತೋರಿಸಿದವನು ಹುಸೇನಸಾಬ. ದನಿ ಕೇಳಿಯೇ ಹಕ್ಕಿಯ ಹೆಸರು ಹೇಳುತ್ತಿದ್ದ. ನಾನು ತಪ್ಪಿದರೆ, “ಸಾಹೇಬ್ರ, ನಿಮ್ಮ ಕಿವಿ ನಿಮಗಿಂತ ಮೊದಲ ರಿಟೈರ್ ಆಗ್ಯಾವ್ರಿ” ಎಂದು ನಗುತ್ತಿದ್ದ. ಆ ಜಾಗ ಯಾರಿಗೂ ಹೇಳಬಾರದೆಂದು ನಮ್ಮಿಬ್ಬರ ಮಾತಾಗಿತ್ತು.

ಆ ವರ್ಷ ಮಳೆಯ ಮರುದಿನ ಮುಂಜಾನೆ ಅವನು ಫೋನ್ ಮಾಡಿ ಜ್ವರ ಬಂದಿದೆ ಎಂದ. ಒಬ್ಬನೇ ಹೋದೆ. ದೂರದಿಂದಲೇ ಉಲಿಯಕ್ಕಿಯ ಕೂಗು ಕೇಳಿತು, ಬಿಡುವಿಲ್ಲದೆ, ಒಂದೇ ಸಮನೆ. ಅದು ಹಕ್ಕಿಗಳನ್ನು ಹತ್ತಿರ ಸೆಳೆಯಲು ಹಚ್ಚಿಟ್ಟ ಸ್ಪೀಕರ್. ನಾಲ್ಕು ಜನ ಕ್ಯಾಮೆರಾದವರು ಸ್ಟೂಲ್ ಹಾಕಿ ಕುಳಿತಿದ್ದರು. ಚಿತ್ರಕ್ಕೆ ಅಡ್ಡ ಬರುವ ಪೊದೆಗಳನ್ನು ಬುಡದವರೆಗೆ ಕಡಿದಿದ್ದರು. ಹಕ್ಕಿಗಳು ಮೇಯುವುದು ಬಿಟ್ಟು, ಇಲ್ಲದ ಎದುರಾಳಿಯನ್ನು ಹುಡುಕುತ್ತ ಹಾರಾಡುತ್ತಿದ್ದವು. ಕೊಡಲಿ ಹುಸೇನಸಾಬನ ಕೈಯಲ್ಲಿತ್ತು.

“ಹುಸೇನ್ ಸರ್, ಆ ಟೊಂಗೆನೂ ಸ್ವಲ್ಪ ತೆಗೀರಿ,” ಎಂದ ಒಬ್ಬ.

ಹುಸೇನಸಾಬನನ್ನು ಪಕ್ಕಕ್ಕೆ ಕರೆದೆ. “ಯಾವಾಗಿಂದ ನಡದೈತಿ ಇದು?”

“ಹ್ವಾದ ವರ್ಷದಿಂದ್ರಿ.”

“ಜ್ವರ ಅಂತ ನನಗ ಸುಳ್ಳು ಹೇಳಿದೆಲ್ಲೋ.”

“ಇವರು ನನ್ನ ಸರ್ ಅಂತಾರ್ರಿ. ಇಷ್ಟು ವರ್ಷ ಹಕ್ಕಿ ತೋರ್ಸಿದಾಂವ ನಾನು. ನಿಮ್ಮ ವರದ್ಯಾಗ ನನ್ನ ಹೆಸರು ಒಮ್ಮೆರ ಐತೇನ್ರಿ?”

ಇರಲಿಲ್ಲ. ದಿನಗೂಲಿಯವರ ಹೆಸರು ಬರೆಯುವ ರೂಢಿ ನಮ್ಮಲ್ಲಿರಲಿಲ್ಲ. ‘ಸಿಬ್ಬಂದಿ’ ಎಂದು ಬರೆದು ಕೆಳಗೆ ನಾನು ಸಹಿ ಮಾಡುತ್ತಿದ್ದೆ. ಅವನ ಮಾತು ಖರೆ. ಕಡಿದ ಪೊದೆಗಳೂ ಖರೆ.

ಅಂದು ಸಂಜೆ ಪ್ರಕರಣದ ವರದಿ ಬರೆದೆ. ಅದಕ್ಕೆ ಅವನ ತಂದೆಯ ಹೆಸರು ಬೇಕಿತ್ತು, ನನಗೆ ಗೊತ್ತಿರಲಿಲ್ಲ. ಅವನನ್ನೇ ಕೇಳಿದೆ. ನೆಲ ನೋಡುತ್ತ ಹೇಳಿದ. ಮರುದಿನದಿಂದ ಅವನಿಗೆ ಕೆಲಸವಿರಲಿಲ್ಲ. ಕೊನೆಯವರೆಗೂ ನಮ್ಮ ನಡುವೆ ಮಾತಿರಲಿಲ್ಲ.

ಮುಂದಿನ ಯುಗಾದಿಗೂ ಮಳೆ ಬಂತು. ಆ ತಗ್ಗಿಗೆ ಹಕ್ಕಿ ಬರಲಿಲ್ಲ.

ಅವನು ಹೋದ ಮೇಲೂ ಆ ಮುಂಜಾನೆಯ ಫೋನ್ ಕರೆಯನ್ನು ನಾನು ಕ್ಷಮಿಸಿಲ್ಲ. ಆದರೂ ಕೆಲಸ ನನಗೆ ಕಲಿಸಿದ್ದು ಇದು: ಹಕ್ಕಿಯನ್ನು ಮೊದಲು ಕಂಡವನ ಹೆಸರನ್ನು ಕಂಡ ದಿನವೇ ಬರೆಯಬೇಕು. ಹುಸೇನಸಾಬನ ಹೆಸರನ್ನು ನಾನು ಬರೆದದ್ದು ಒಂದೇ ಸಲ, ಆರೋಪಿಗಳ ಪಟ್ಟಿಯಲ್ಲಿ.